ಕೊಲೆಗಳ ನಡುವಿನ ದಿನಗಳು

2025ರ ಏಪ್ರಿಲ್ 27, ಭಾನುವಾರ. ಮಂಗಳೂರಿನ ಹೊರವಲಯದ ಕುಡುಪುವಿನಲ್ಲಿ ಕ್ರಿಕೆಟ್ ಪಂದ್ಯಾವಳಿ ನಡೆಯುತ್ತಿತ್ತು. ಆಡುವವರು, ನೋಡುವವರು ಎಲ್ಲರೂ ಸುತ್ತಮುತ್ತಲಿನ ಹುಡುಗರು. ಆ ಮೈದಾನದ ಬಳಿ ಕೇರಳದ ವಯನಾಡಿನ ಒಬ್ಬ ಮುಸ್ಲಿಂ ಯುವಕನನ್ನು ಗುಂಪೊಂದು ಕೋಲುಗಳಿಂದ ಬಡಿದು, ತುಳಿದು ಕೊಂದಿತು. ಪೊಲೀಸರು ಮೊದಲು ಬರೆದುಕೊಂಡದ್ದು ಅಸಹಜ ಸಾವು ಎಂದು. ಮರಣೋತ್ತರ ಪರೀಕ್ಷೆಯ ವರದಿ ಬಂದ ಮೇಲಷ್ಟೇ ಅದು ಕೊಲೆ ಪ್ರಕರಣವಾಯಿತು. ಕರ್ತವ್ಯಲೋಪಕ್ಕಾಗಿ ಒಬ್ಬ ಇನ್‌ಸ್ಪೆಕ್ಟರ್ ಮತ್ತು ಇಬ್ಬರು ಸಿಬ್ಬಂದಿ ಅಮಾನತಾದರು. ಮೇ 1ರಂದು ಬಜ್ಪೆಯಲ್ಲಿ, 2022ರ ಸುರತ್ಕಲ್ ಕೊಲೆ ಪ್ರಕರಣದ ಆರೋಪಿಯಾಗಿದ್ದ ಹಿಂದುತ್ವ ಕಾರ್ಯಕರ್ತನೊಬ್ಬನನ್ನು ನಡುರಸ್ತೆಯಲ್ಲಿ ಕೊಚ್ಚಿ ಕೊಂದರು. ಮೇ 27ರಂದು ಬಂಟ್ವಾಳ ತಾಲ್ಲೂಕಿನ ಕೊಳತ್ತಮಜಲಿನಲ್ಲಿ, ಪಿಕಪ್ ವಾಹನದಿಂದ ಮರಳು ಇಳಿಸುತ್ತಿದ್ದ ಚಾಲಕನ ಮೇಲೆ ತಲವಾರು ಬೀಸಿದರು. ಅವನೂ ಸತ್ತ. ಒಂದು ತಿಂಗಳು, ಮೂರು ಹೆಣ.

ಇದು ಹೊಸದೇನಲ್ಲ. 2022ರ ಜುಲೈನಲ್ಲಿ ಹತ್ತು ದಿನಗಳೊಳಗೆ ಬೆಳ್ಳಾರೆ ಮತ್ತು ಸುರತ್ಕಲ್ ಪರಿಸರದಲ್ಲಿ ಮೂವರು ಯುವಕರ ಕೊಲೆಯಾಗಿತ್ತು. ಪ್ರತಿ ಸಲವೂ ನಡೆಯುವುದು ಒಂದೇ ಬಗೆ. ನಿಷೇಧಾಜ್ಞೆ, ಬಂದ್, ಶವಯಾತ್ರೆ, ಕಲ್ಲು ತೂರಾಟ, ನಾಯಕರ ಭೇಟಿ, ಕೊನೆಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಶಾಂತಿ ಸಭೆ. ಅಂಗಡಿಗಳ ಬಾಗಿಲು ತೆರೆದ ದಿನ ‘ಜಿಲ್ಲೆ ಸಹಜ ಸ್ಥಿತಿಗೆ ಮರಳಿದೆ’ ಎಂದು ಪತ್ರಿಕೆಗಳು ಬರೆಯುತ್ತವೆ. ನಮ್ಮ ಆತಂಕ ಇರುವುದು ಈ ‘ಸಹಜ ಸ್ಥಿತಿ’ಯ ಬಗ್ಗೆ. ಕೊಲೆಯಾದ ದಿನ ಕರಾವಳಿ ಎಷ್ಟು ಕೆಟ್ಟಿದೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಒಂದು ಕೊಲೆಗೂ ಇನ್ನೊಂದಕ್ಕೂ ನಡುವಿನ ದಿನಗಳಲ್ಲಿ ಅದು ಹೇಗೆ ಕೆಡುತ್ತಿದೆ ಎಂಬುದನ್ನು ನೋಡುವವರಿಲ್ಲ. ಕೊಲೆಗೆ ನೆಲ ಹದವಾಗುವುದು ಆ ದಿನಗಳಲ್ಲೇ.

ಜಾತ್ರೆಗಳನ್ನೇ ನೋಡಿ. ದೀಪಾವಳಿ ಕಳೆದ ಮೇಲೆ ಶುರುವಾಗಿ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯವರೆಗೆ ತುಳುನಾಡಿನ ಊರೂರಲ್ಲೂ ಆಯನ, ನೇಮ, ಕೋಲ, ರಥೋತ್ಸವ. ಗದ್ದೆಯಂಚಿನಲ್ಲಿ ಸಾಲಾಗಿ ಅಂಗಡಿಗಳು ಏಳುತ್ತವೆ. ಬಳೆ, ಆಟಿಕೆ, ಮಿಠಾಯಿ, ಚುರುಮುರಿ, ಕಲ್ಲಂಗಡಿ, ಐಸ್‌ಕ್ರೀಂ. ಇವರಲ್ಲಿ ಅನೇಕರು ಊರಿಂದೂರಿಗೆ ಜಾತ್ರೆಯ ದಿನಾಂಕ ಹಿಡಿದು ಹೋಗುವ ಸಣ್ಣ ವ್ಯಾಪಾರಿಗಳು. ಈ ಆರೇಳು ತಿಂಗಳ ಸಂಪಾದನೆಯಲ್ಲೇ ಮಳೆಗಾಲವನ್ನೂ ದಾಟಬೇಕು. ಮುಸ್ಲಿಮರು ಈ ಸಾಲಿನಲ್ಲಿ ತಲೆಮಾರುಗಳಿಂದ ಕೂತವರು. 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಪೂಜೆಯ ಹೊತ್ತಿಗೆ ಅವರಿಗೆ ಜಾಗವಿಲ್ಲ ಎಂದಾಯಿತು. ಬ್ಯಾನರ್‌ಗಳು ಬಂದವು. ಒಂದು ಊರಿನದನ್ನು ನೋಡಿ ಇನ್ನೊಂದು ಊರಿನಲ್ಲಿ ಕಟ್ಟಿದರು.

ಬಪ್ಪನಾಡಿನಲ್ಲೂ ಅಂಥದೇ ಬ್ಯಾನರ್ ಕಾಣಿಸಿಕೊಂಡದ್ದು ಈ ಕಥೆಯ ಅತ್ಯಂತ ನೋವಿನ ಭಾಗ. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ಆ ಹೆಸರು ಬಂದದ್ದೇ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕನಿಂದ ಎನ್ನುತ್ತದೆ ಐತಿಹ್ಯ. ಶಾಂಭವಿ ಹೊಳೆಯಲ್ಲಿ ಅವನ ಹಡಗು ನಿಂತುಹೋಯಿತು, ಕನಸಿನಲ್ಲಿ ದೇವಿ ಕಾಣಿಸಿಕೊಂಡಳು, ಮೂಲ್ಕಿಯ ಸಾವಂತ ಅರಸರ ನೆರವಿನಿಂದ ಅವನು ಗುಡಿ ಕಟ್ಟಿಸಿದ. ಉತ್ಸವದ ಸಮಯದಲ್ಲಿ ಆ ಬ್ಯಾರಿ ಮನೆತನದವರಿಗೆ ಪ್ರಸಾದ ಸಲ್ಲುವ ಸಂಪ್ರದಾಯ ಉಳಿದು ಬಂದಿದೆ. ಗುಡಿ ಕಟ್ಟಿಸಿದವನ ವಂಶಕ್ಕೆ ಒಳಗೆ ಪ್ರಸಾದ, ಅವನ ಧರ್ಮದವನು ಹೊರಗೆ ಬಳೆ ಮಾರಿದರೆ ಅಪಚಾರ! ಹೀಗೆ ಹೇಳಿದವರಿಗೆ ದೇವಿಯ ಕಥೆಯೂ ಗೊತ್ತಿಲ್ಲ, ದೇವಿಯ ಮನಸ್ಸೂ ಗೊತ್ತಿಲ್ಲ.

ಬಹಿಷ್ಕಾರದ ಕಾಯಿಲೆ ಒಂದೇ ಕಡೆಗೆ ಅಂಟಿಕೊಂಡಿಲ್ಲ ಎಂಬುದನ್ನೂ ಹೇಳಬೇಕು. 2021ರ ಅಕ್ಟೋಬರ್‌ನಲ್ಲಿ ಗಂಗೊಳ್ಳಿಯಲ್ಲಿ ಹಿಂದೂ ಸಂಘಟನೆಗಳ ಮೆರವಣಿಗೆಯೊಂದು ನಡೆಯಿತು. ಅದಾದ ಮೇಲೆ ಮುಸ್ಲಿಂ ಗಿರಾಕಿಗಳು ತಮ್ಮ ಬಳಿ ಮೀನು ಕೊಳ್ಳುವುದನ್ನೇ ನಿಲ್ಲಿಸಿದ್ದಾರೆ ಎಂದು ಮೀನು ಮಾರುವ ಹಿಂದೂ ಹೆಂಗಸರು ದೂರಿಕೊಂಡರು. ಬೆಳಗಿನ ಜಾವ ಏಲಂನಲ್ಲಿ ಸಾಲ ಮಾಡಿ ಬುಟ್ಟಿ ತುಂಬಿಕೊಂಡು ಬರುವ ಹೆಂಗಸಿಗೆ ಮೆರವಣಿಗೆಯ ಘೋಷಣೆಗೂ ತನಗೂ ಏನು ಸಂಬಂಧ? ಬಂಗುಡೆ ಸಂಜೆಯವರೆಗೆ ಕಾಯುವುದಿಲ್ಲ. ಬಹಿಷ್ಕಾರಕ್ಕೆ ಕರೆ ಕೊಟ್ಟ ಯಾವ ನಾಯಕನ ಮನೆಯ ಒಲೆಯೂ ಆರಿದ್ದಿಲ್ಲ. ಪೆಟ್ಟು ಬಿದ್ದದ್ದು ಬುಟ್ಟಿ ಹೊತ್ತವಳಿಗೆ, ತಳ್ಳುಗಾಡಿಯವನಿಗೆ.

ಕರಾವಳಿ ಬದುಕಿದ್ದೇ ಕೊಡುಕೊಳುಗೆಯಿಂದ. ಶಂಕರಪುರದ ಮಲ್ಲಿಗೆಯನ್ನು ಬೆಳೆದು ಬೆಳಗ್ಗೆ ಬೆಳಗ್ಗೆ ಕೊಯ್ದು ಚೆಂಡು ಕಟ್ಟಿದವರಲ್ಲಿ ಕ್ರೈಸ್ತ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿವೆ. ಆ ಹೂವು ಅಟ್ಟೆ ಲೆಕ್ಕದಲ್ಲಿ ಏರುವುದು ದೇವರ ಮುಡಿಗೆ, ದೈವದ ಮಂಚಕ್ಕೆ, ಮದುಮಗಳ ಜಡೆಗೆ. ಮೊಗವೀರರು ನಂಬುವ ಬೊಬ್ಬರ್ಯ ದೈವದ ಕಥೆಯಲ್ಲಿ ಮುಸ್ಲಿಂ ಹಡಗು ವ್ಯಾಪಾರಿಯ ರಕ್ತವಿದೆ. ಕುಂಬಳೆ ಸಮೀಪ ಆಲಿ ಭೂತಕ್ಕೆ ಕೋಲ ನಡೆಯುತ್ತದೆ. ತಾಳಮದ್ದಳೆಯಲ್ಲಿ ರಾಮಾಯಣದ ಅರ್ಥ ಹೇಳಿ ಸಭೆಯನ್ನು ಹಿಡಿದಿಡುವ ಜಬ್ಬಾರ್ ಸಮೋ ನಮ್ಮ ನಡುವೆಯೇ ಇದ್ದಾರೆ. ಇನ್ನು ಬ್ಯಾಂಕುಗಳ ವಿಷಯ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕಟ್ಟಿದ ನಿಧಿ ಮುಂದೆ ಕೆನರಾ ಬ್ಯಾಂಕ್ ಆಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಊರಿನ ಹಿಂದೂ ಪ್ರಮುಖರನ್ನು ಜೊತೆಗಿಟ್ಟುಕೊಂಡು ಕಟ್ಟಿದ್ದು ಕಾರ್ಪೊರೇಷನ್ ಬ್ಯಾಂಕ್. ಮೊದಲ ದಿನ ಅಲ್ಲಿ ಸೇರಿದ ಹಣ 38 ರೂಪಾಯಿ 13 ಆಣೆ 2 ಪೈ. ಸಾಹೇಬರನ್ನು ನಂಬಿ ಹಣ ಇಟ್ಟವರು ಅವರ ಧರ್ಮ ಕೇಳಿ ಇಟ್ಟಿರಲಿಲ್ಲ. ಉಡುಪಿಯ ಸರ್ಕಾರಿ ತಾಯಿ ಮತ್ತು ಮಕ್ಕಳ ಆಸ್ಪತ್ರೆ ಇವತ್ತಿಗೂ ಕೂಸಮ್ಮ ಶಂಭು ಶೆಟ್ಟಿ ಮತ್ತು ಹಾಜಿ ಅಬ್ದುಲ್ಲಾ ಇಬ್ಬರ ಹೆಸರನ್ನೂ ಹೊತ್ತು ನಿಂತಿದೆ.

ಹಿಂದೆ ಎಲ್ಲವೂ ಚೆನ್ನಾಗಿತ್ತು ಎಂದು ಹೇಳಿ ನಿಟ್ಟುಸಿರು ಬಿಡುವುದು ಸುಲಭ. ಅದು ಸತ್ಯವಲ್ಲ. ಹಳೆಯ ಕರಾವಳಿಯಲ್ಲಿ ಎಲ್ಲರಿಗೂ ಒಂದೊಂದು ಜಾಗ ಇತ್ತು ನಿಜ, ಆ ಜಾಗ ಹಲವರ ಪಾಲಿಗೆ ಅವಮಾನದ್ದಾಗಿತ್ತು. ದೇವಸ್ಥಾನಗಳ ಒಳಗೆ ಬಿಲ್ಲವರಿಗೆ ಪ್ರವೇಶವಿರಲಿಲ್ಲ, ಅದಕ್ಕೇ 1912ರಲ್ಲಿ ನಾರಾಯಣ ಗುರುಗಳು ಬಂದು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಬೇಕಾಯಿತು. ದಲಿತ ಮಕ್ಕಳಿಗೆ ಶಾಲೆ ತೆರೆದದ್ದಕ್ಕೆ ಕುದ್ಮುಲ್ ರಂಗರಾಯರು ಸ್ವಜಾತಿಯವರ ಬಹಿಷ್ಕಾರ ಉಂಡರು. ಕೊರಗರನ್ನು ಅಜಲು ಎಂಬ ಅಮಾನವೀಯ ಪದ್ಧತಿಯಿಂದ ಬಿಡಿಸಲು 2000ದಷ್ಟು ಈಚೆಗೆ ಕಾನೂನೇ ತರಬೇಕಾಯಿತು. ಬಹಿಷ್ಕಾರವೆಂಬುದು ಈ ನೆಲಕ್ಕೆ ಹೊರಗಿನಿಂದ ಬಂದದ್ದಲ್ಲ. ಅಂದು ಅದನ್ನು ಉಂಡ ಸಮುದಾಯಗಳ ಹುಡುಗರ ಕೈಯಲ್ಲೇ ಇಂದು ಇನ್ನೊಬ್ಬರ ಬಹಿಷ್ಕಾರದ ಬ್ಯಾನರ್ ಇದೆ. ನಾರಾಯಣ ಗುರುಗಳ ಫೋಟೊಗೆ ಹಾರ ಹಾಕಿ ಹೊರಟು, ಇನ್ನೊಬ್ಬನನ್ನು ಜಾತ್ರೆಯ ಗದ್ದೆಯಿಂದ ಆಚೆ ಹಾಕುವವರು ಗುರುಗಳಿಂದ ಏನು ಕಲಿತರು?

ಮೇಲು ಕೀಳಿನ ಈ ಹಳೆಯ ಏಣಿಯನ್ನು ಅಲುಗಾಡಿಸಿದ್ದು ಎರಡು ದೊಡ್ಡ ಬದಲಾವಣೆಗಳು. ಒಂದು, 1974ರಲ್ಲಿ ದೇವರಾಜ ಅರಸು ಸರ್ಕಾರ ತಿದ್ದುಪಡಿ ಮಾಡಿ ಬಲಪಡಿಸಿದ ಭೂಸುಧಾರಣಾ ಕಾಯ್ದೆ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಅದು ನಿಜವಾಗಿ ಜಾರಿಯಾಯಿತು. ಡಿಕ್ಲರೇಷನ್ ಕೊಟ್ಟ ಗೇಣಿ ಒಕ್ಕಲು ಗದ್ದೆಯ ಒಡೆಯನಾದ. ಎರಡನೆಯದು ಕೊಲ್ಲಿ ರಾಷ್ಟ್ರಗಳ ದುಡಿಮೆ. ಎಪ್ಪತ್ತರ ದಶಕದಿಂದ ಈಚೆಗೆ ದುಬೈ, ದಮ್ಮಾಮ್, ಕುವೈತ್‌ಗಳಿಂದ ಬಂದ ಹಣ ಬ್ಯಾರಿ ಮತ್ತು ಕ್ರೈಸ್ತ ಕುಟುಂಬಗಳ ಮನೆಗೆ ತಾರಸಿ ತಂದಿತು, ಮಕ್ಕಳಿಗೆ ಇಂಗ್ಲಿಷ್ ಶಾಲೆ ತಂದಿತು. ಧಣಿಯ ಮುಂದೆ ಬಗ್ಗಿ ನಿಲ್ಲುತ್ತಿದ್ದವರ ಮಕ್ಕಳು ನೆಟ್ಟಗೆ ನಿಂತರು. ಇವೆರಡೂ ಆಗಲೇಬೇಕಿದ್ದ ಒಳ್ಳೆಯ ಬದಲಾವಣೆಗಳು. ಯಾರೂ ಅವುಗಳಿಗಾಗಿ ಮರುಗಬೇಕಿಲ್ಲ.

ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಮೇಲು ಕೀಳಿನ ಹಳೆಯ ಸಂಬಂಧ ಮುರಿದ ಜಾಗದಲ್ಲಿ ಸರಿಸಮಾನರ ನಡುವಿನ ಹೊಸ ನಂಟನ್ನು ನಾವು ಕಟ್ಟಲಿಲ್ಲ. ಹಿಂದೆ ಬ್ಯಾರಿ ಅಡಿಕೆ ಕೊಳ್ಳಲು ಅಂಗಳಕ್ಕೆ ಬರುತ್ತಿದ್ದ, ಈಗ ಅವನು ಪಕ್ಕದ ಸೈಟಿನಲ್ಲಿ ಮನೆ ಕಟ್ಟಲು ಬಂದರೆ ಕಣ್ಣು ಕೆಂಪಗಾಗುತ್ತದೆ. ಅಂಗಳಕ್ಕೆ ಬಂದವನನ್ನು ಸಹಿಸಿದವರಿಗೆ ಪಕ್ಕದ ಮನೆಯವನನ್ನು ಸಹಿಸಲಾಗಲಿಲ್ಲ. ಒಂದೇ ಸರ್ಕಾರಿ ಶಾಲೆಯ ಬೆಂಚಿನಲ್ಲಿ ಕೂತು ಗಂಜಿ ಉಂಡವರ ಮಕ್ಕಳು ಈಗ ಬೇರೆ ಬೇರೆ ಆಡಳಿತ ಮಂಡಳಿಗಳ ಬೇರೆ ಬೇರೆ ಶಾಲೆಗಳಲ್ಲಿ ಓದುತ್ತಾರೆ. ಬಾಡಿಗೆ ಮನೆ ಕೇಳಲು ಹೋದರೆ ಮೊದಲು ಕೇಳುವುದು ಹೆಸರು, ಹೆಸರು ಹೇಳಿದ ಮೇಲೆ ‘ಮನೆ ಆಗಲೇ ಕೊಟ್ಟಾಯ್ತು’ ಎಂಬ ಉತ್ತರ. 2011ರ ಜನಗಣತಿಯ ಪ್ರಕಾರ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88ಕ್ಕೂ ಹೆಚ್ಚು. ಮುಸ್ಲಿಮರು ಶೇ 24, ಕ್ರೈಸ್ತರು ಶೇ 8ಕ್ಕೂ ಹೆಚ್ಚು. ಇಷ್ಟು ಓದಿದ, ಇಷ್ಟು ಬೆರೆತ ಜಿಲ್ಲೆ ರಾಜ್ಯದಲ್ಲಿ ಅಪರೂಪ. ಆದರೂ ಓದಿದವರು ಒಬ್ಬರನ್ನೊಬ್ಬರು ಅರಿತಿಲ್ಲ, ಬೆರೆತವರು ಒಬ್ಬರ ಮನೆಗೆ ಒಬ್ಬರು ಹೋಗುತ್ತಿಲ್ಲ.

ಆ ಖಾಲಿ ಜಾಗಕ್ಕೆ ಸಂಘಟನೆಗಳು ಬಂದವು. ಕೆಲಸ ಸಿಗದ, ಸಿಕ್ಕರೂ ಸಂಬಳ ಸಾಲದ ಹುಡುಗನಿಗೆ ಅವು ಬೈಕಿನ ಹಿಂದೆ ನಾಲ್ಕು ಜನ ಹಿಂಬಾಲಕರನ್ನೂ, ಊರಿನಲ್ಲಿ ಒಂದು ಹೆದರಿಕೆಯ ಗೌರವವನ್ನೂ, ವಾಟ್ಸ್‌ಆ್ಯಪ್‌ನಲ್ಲಿ ದಿನಕ್ಕೊಬ್ಬ ಶತ್ರುವನ್ನೂ ಕೊಟ್ಟವು. ಕೇಸು ಬಿದ್ದಾಗ ವಕೀಲರನ್ನು ಇಡುವುದಾಗಿ ಭರವಸೆ ಕೊಟ್ಟವು. ಜೈಲಿಗೆ ಹೋದವನು ಈ ಹುಡುಗ, ಟಿಕೆಟ್ ಪಡೆದವನು ಬೇರೊಬ್ಬ. ಬಜ್ಪೆಯಲ್ಲಿ ಸತ್ತವನಾಗಲಿ, ಸುರತ್ಕಲ್‌ನಲ್ಲಿ ಸತ್ತವನಾಗಲಿ, ಬೆಳ್ಳಾರೆಯಲ್ಲಿ ಸತ್ತವರಾಗಲಿ ದೊಡ್ಡ ಮನೆತನಗಳ ಮಕ್ಕಳಲ್ಲ. ಕೊಳತ್ತಮಜಲಿನ ಪ್ರಕರಣದ ದೂರಿನಲ್ಲಿ ಹೆಸರು ಬಂದವರು ಕೊಲೆಯಾದವನಿಗೆ ಪರಿಚಯವಿದ್ದವರು ಎಂಬ ಸಂಗತಿ ಎಲ್ಲಕ್ಕಿಂತ ಹೆಚ್ಚು ನಡುಕ ಹುಟ್ಟಿಸುತ್ತದೆ. ಗುರುತು ಪರಿಚಯವೇ ರಕ್ಷಣೆ ಎಂದು ಹಳ್ಳಿಗರು ನಂಬಿಕೊಂಡಿದ್ದರು. ಆ ನಂಬಿಕೆಯೂ ಹೋಯಿತು.

ಮುಸ್ಲಿಂ ಸಮುದಾಯದೊಳಗಿನ ಉಗ್ರವಾದವನ್ನು ಮುಚ್ಚಿಟ್ಟು ಸೌಹಾರ್ದದ ಮಾತಾಡುವುದೂ ಅಪ್ರಾಮಾಣಿಕತೆ. 2022ರಲ್ಲಿ ಬೆಳ್ಳಾರೆಯಲ್ಲಿ ನಡೆದ ಹಿಂದೂ ಯುವಕನ ಕೊಲೆ ಪ್ರಕರಣದಲ್ಲಿ ರಾಷ್ಟ್ರೀಯ ತನಿಖಾ ದಳ ದೋಷಾರೋಪ ಹೊರಿಸಿದ್ದು ಪಾಪ್ಯುಲರ್ ಫ್ರಂಟ್ ಆಫ್ ಇಂಡಿಯಾದ (ಪಿಎಫ್‌ಐ) ಸದಸ್ಯರ ಮೇಲೆ. ಆ ಸಂಘಟನೆಯನ್ನು ಕೇಂದ್ರ ಸರ್ಕಾರ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿತು. ಅದಕ್ಕೂ ಬಹಳ ಮೊದಲೇ, ಮುಸ್ಲಿಂ ಹೆಣ್ಣಿನ ಸಂಕಟ ಬರೆದದ್ದಕ್ಕೆ ಸಾರಾ ಅಬೂಬಕ್ಕರ್ ಪುತ್ತೂರಿನಲ್ಲಿ ಸ್ವಧರ್ಮದ ಮೂಲಭೂತವಾದಿಗಳಿಂದಲೇ ಗಲಾಟೆ, ಬೆದರಿಕೆ ಎದುರಿಸಿದ್ದರು. ಎರಡೂ ಕಡೆಯ ಉಗ್ರರಿಗೆ ಒಂದು ವಿಷಯದಲ್ಲಿ ಪೂರ್ಣ ಒಮ್ಮತವಿದೆ: ಹೆಣ್ಣುಮಕ್ಕಳು ತಮ್ಮ ಮಾತು ಕೇಳಬೇಕು. ಬೇರೆ ಧರ್ಮದ ಸಹಪಾಠಿಯ ಜೊತೆ ಬಸ್ಸಿನಲ್ಲಿ ಕೂತವಳನ್ನು ಇಳಿಸಿ ಹೆಸರು ಕೇಳುವವರು, ಬೀಚಿನಲ್ಲಿ ಕಂಡವರ ಫೋಟೊ ತೆಗೆದು ಹಂಚುವವರು ಎರಡೂ ಬಣದಲ್ಲಿದ್ದಾರೆ. 2021ರ ಡಿಸೆಂಬರ್ ಕೊನೆಗೆ ಉಡುಪಿಯ ಸರ್ಕಾರಿ ಬಾಲಕಿಯರ ಪಿಯು ಕಾಲೇಜಿನಲ್ಲಿ ಹಿಜಾಬ್ ಧರಿಸಿದ್ದಕ್ಕೆ ತರಗತಿಯ ಬಾಗಿಲಲ್ಲೇ ನಿಲ್ಲಬೇಕಾದ ಆರು ವಿದ್ಯಾರ್ಥಿನಿಯರ ವಿಷಯವೂ ಕಾಲೇಜಿನ ಒಳಗೇ ಮಾತಾಡಿ ಬಗೆಹರಿಯಬಹುದಿತ್ತು. ಹೊರಗಿನವರು ಕೈ ಹಾಕಿದರು, ಕೇಸರಿ ಶಾಲು ಬಂತು, ಸರ್ಕಾರ ಆದೇಶ ಹೊರಡಿಸಿತು, ರಾಜ್ಯದ ಶಾಲೆ ಕಾಲೇಜುಗಳಿಗೇ ರಜೆ ಕೊಡಬೇಕಾಯಿತು. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಎರಡು ಬಗೆಯ ತೀರ್ಪು ಕೊಟ್ಟರು. ಈ ಜಗಳದಲ್ಲಿ ಯಾವ ಸಂಘಟನೆಗೂ ನಷ್ಟವಾಗಲಿಲ್ಲ, ತರಗತಿ ತಪ್ಪಿದ್ದು ಹುಡುಗಿಯರಿಗೆ.

ಇನ್ನು ಸರ್ಕಾರಗಳು. 2009ರ ಜನವರಿ 24ರಂದು ಮಂಗಳೂರಿನ ಪಬ್‌ನಲ್ಲಿ ಹೆಣ್ಣುಮಕ್ಕಳ ಮೇಲೆ ನಡೆದ ಹಲ್ಲೆಯನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. 2018ರಲ್ಲಿ ಆರೋಪಿಗಳು ಖುಲಾಸೆಯಾದರು. 2012ರ ಜುಲೈ 28ರ ಪಡೀಲ್ ಹೋಂಸ್ಟೇ ದಾಳಿಯೂ ಕ್ಯಾಮೆರಾದಲ್ಲಿ ಸೆರೆಯಾಗಿತ್ತು. ಹನ್ನೆರಡು ವರ್ಷ ಎಳೆದು 2024ರ ಆಗಸ್ಟ್‌ನಲ್ಲಿ ಆ ಆರೋಪಿಗಳೂ ಬಿಡುಗಡೆಯಾದರು. ಜಗತ್ತೆಲ್ಲ ನೋಡಿದ್ದಕ್ಕೆ ನ್ಯಾಯಾಲಯದಲ್ಲಿ ಸಾಕ್ಷಿ ಒದಗಿಸಲಾಗದ ಪೊಲೀಸ್ ವ್ಯವಸ್ಥೆ ಮುಂದಿನ ಗುಂಪಿಗೆ ಕೊಟ್ಟ ಸಂದೇಶವೇನು? ಈ ನಡುವೆ ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಮೂವರೂ ಅಧಿಕಾರದಲ್ಲಿದ್ದರು. ಯಾರೂ ಕೈ ತೊಳೆದುಕೊಳ್ಳುವಂತಿಲ್ಲ.

ಸಾವಿನ ಮನೆಯಲ್ಲೂ ತಾರತಮ್ಯ ಮಾಡಿದ್ದು ಇನ್ನೂ ನಾಚಿಕೆಗೇಡು. 2022ರ ಜುಲೈನಲ್ಲಿ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಬೆಳ್ಳಾರೆ ಕಡೆಗೆ ಬಂದು ಹಿಂದೂ ಯುವಕನ ಮನೆಗೆ ಮಾತ್ರ ಹೋಗಿ, ಅಲ್ಲೇ ಹತ್ತಿರದ ಮುಸ್ಲಿಂ ಯುವಕನ ಮನೆಗೆ ಹೋಗದೆ ಮರಳಿದರು. ಉಳಿದ ಕುಟುಂಬಗಳಿಗೆ ಪರಿಹಾರ ಸಿಗಲು ಸರ್ಕಾರವೇ ಬದಲಾಗಬೇಕಾಯಿತು. 2025ರಲ್ಲಿ ಕುಡುಪು ಹತ್ಯೆಯ ತನಿಖೆ ಇನ್ನೂ ಆರಂಭದಲ್ಲಿದ್ದಾಗಲೇ, ಸತ್ತವನು ಪಾಕಿಸ್ತಾನದ ಪರ ಘೋಷಣೆ ಕೂಗಿದ್ದನಂತೆ ಎಂಬ ಮಾತು ಗೃಹ ಸಚಿವ ಜಿ. ಪರಮೇಶ್ವರ ಅವರ ಬಾಯಿಂದ ಬಂತು. ಆಮೇಲೆ ಅವರು ಸ್ಪಷ್ಟನೆ ಕೊಟ್ಟರು. ಬಾಯಿಗೆ ಬಂದದ್ದನ್ನು ಕೂಗಿದವನಿಗೂ ಈ ದೇಶದಲ್ಲಿ ಪೊಲೀಸ್ ಠಾಣೆಯಿದೆ, ನ್ಯಾಯಾಲಯವಿದೆ. ಕ್ರಿಕೆಟ್ ಬ್ಯಾಟು, ಕೋಲು ಹಿಡಿದವರು ನ್ಯಾಯಾಧೀಶರಲ್ಲ.

2025ರ ಜೂನ್‌ನಲ್ಲಿ ಸರ್ಕಾರ ಮಂಗಳೂರಿನಲ್ಲಿ ವಿಶೇಷ ಕಾರ್ಯಪಡೆ ರಚಿಸಿತು, ನಕ್ಸಲ್ ನಿಗ್ರಹ ಪಡೆಯ ಸಿಬ್ಬಂದಿಯನ್ನು ಅದಕ್ಕೆ ಕೊಟ್ಟಿತು. ದ್ವೇಷ ಭಾಷಣಕಾರರ ಮೇಲೆ, ಜಾಲತಾಣದಲ್ಲಿ ಬೆಂಕಿ ಹಚ್ಚುವವರ ಮೇಲೆ ಪ್ರಕರಣಗಳು ದಾಖಲಾಗತೊಡಗಿದವು. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಲಾಠಿಯಿಂದ ಕೊಲೆ ತಡೆಯಬಹುದು, ನೆರೆಹೊರೆ ಕಟ್ಟಲಾಗದು. ಮಾಡಬೇಕಾದ ಕೆಲಸ ಇನ್ನೂ ಇದೆ.

ಮೊದಲನೆಯದು, ಕಾನೂನು ಎಲ್ಲರಿಗೂ ಒಂದೇ ಎಂಬುದು ಕಣ್ಣಿಗೆ ಕಾಣಬೇಕು. ದ್ವೇಷ ಭಾಷಣಕ್ಕೆ ದೂರು ಬರಲಿ ಬಿಡಲಿ ತಾನಾಗಿ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಗುಂಪು ಹತ್ಯೆ ತಡೆಗೆ ಜಿಲ್ಲೆಗೊಬ್ಬ ನೋಡಲ್ ಅಧಿಕಾರಿ ಬೇಕು, ತ್ವರಿತ ವಿಚಾರಣೆ ಬೇಕು ಎಂದು 2018ರಲ್ಲೇ ಹೇಳಿದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಗುಂಪು ಹತ್ಯೆಗೆ ಪ್ರತ್ಯೇಕ ಸೆಕ್ಷನ್ನೇ ಇದೆ. ಕುಡುಪು, ಬಜ್ಪೆ, ಕೊಳತ್ತಮಜಲು ಮೂರೂ ಪ್ರಕರಣಗಳು ಪಡೀಲ್ ಹಾದಿ ಹಿಡಿಯದಂತೆ ಸಾಕ್ಷಿಗಳಿಗೆ ರಕ್ಷಣೆ ಕೊಟ್ಟು, ಸಮರ್ಥ ಅಭಿಯೋಜಕರನ್ನು ಇಟ್ಟು ನಡೆಸಬೇಕು. ಎರಡನೆಯದು, 2002ರ ಧಾರ್ಮಿಕ ದತ್ತಿ ನಿಯಮಗಳಲ್ಲಿ ದೇವಾಲಯದ ಸಮೀಪದ ಆಸ್ತಿಯನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದು ಎಂದಿರುವ ಸಾಲಿನ ಕಥೆ. 2022ರಲ್ಲಿ ಬಹಿಷ್ಕಾರದ ಗುರಾಣಿಯಾದದ್ದು ಇದೇ ಸಾಲು. ಆ ನಿಯಮ ಮಾಡಿದ್ದು ಕಾಂಗ್ರೆಸ್ ಸರ್ಕಾರ, ಬಳಸಿಕೊಂಡದ್ದು ಬಿಜೆಪಿ ಸರ್ಕಾರ. ಒಂದೆರಡು ದಿನದ ಜಾತ್ರೆಯ ಅಂಗಡಿಗೆ ಅದು ಅನ್ವಯಿಸದು ಎಂದು ಅನುಮಾನಕ್ಕೆ ಎಡೆಯಿಲ್ಲದಂತೆ ಬರೆದಿಡಬೇಕು. ಮೂರನೆಯದು, ಸರ್ಕಾರಿ ಶಾಲೆಗಳನ್ನು ಉಳಿಸಬೇಕು. ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳು ಒಂದೇ ಪಂಕ್ತಿಯಲ್ಲಿ ಬಿಸಿಯೂಟ ಉಣ್ಣುವ ಜಾಗ ಇನ್ನು ಬೇರೆ ಯಾವುದೂ ಉಳಿದಿಲ್ಲ.

ಸರ್ಕಾರ ಮಾಡಲಾಗದ ಕೆಲಸವೂ ಒಂದಿದೆ, ಅದು ಊರಿನವರದು. ಕರಾವಳಿಯ ಬಹುಪಾಲು ಜನ ಯಾರನ್ನೂ ಕೊಂದವರಲ್ಲ, ಯಾವ ಬ್ಯಾನರನ್ನೂ ಕಟ್ಟಿದವರಲ್ಲ. ಅವರು ಹೇಳುವ ಮಾತು ಒಂದೇ: ‘ನಮಗೆ ಯಾಕೆ ಬೇಕು ಮಾರಾಯ್ರೆ.’ ಬ್ಯಾನರ್ ಕಟ್ಟುವ ನಾಲ್ಕು ಹುಡುಗರಿಗೆ ಧೈರ್ಯ ಕೊಟ್ಟದ್ದು ಈ ಮಾತೇ. ದೇವಸ್ಥಾನದ ಆಡಳಿತ ಮೊಕ್ತೇಸರರು, ಮಸೀದಿಯ ಜಮಾಅತಿನ ಹಿರಿಯರು, ಚರ್ಚಿನ ಪಾದ್ರಿಗಳು, ಗುತ್ತಿನ ಯಜಮಾನರು, ಯುವಕ ಮಂಡಲದ ಅಧ್ಯಕ್ಷರು ಶಾಂತಿ ಸಭೆಗೆ ಬಂದು ಚಾ ಕುಡಿದು ಹೋದರೆ ಸಾಲದು. ತಮ್ಮ ತಮ್ಮ ಹುಡುಗರನ್ನು ತಾವೇ ಕೂರಿಸಿ ಕೇಳಬೇಕು, ತಪ್ಪಿದವನನ್ನು ಸಮುದಾಯದ ಹೆಸರಿನಲ್ಲಿ ಕಾಯುವುದಿಲ್ಲ ಎಂದು ಎಲ್ಲರೆದುರು ಹೇಳಬೇಕು.

ಓದುಗರಲ್ಲಿ ನಮ್ಮ ಕೋರಿಕೆ ಇಷ್ಟು. ನಿಮ್ಮ ಊರಿನ ಜಾತ್ರೆಗೆ ಅಂಗಡಿಗಳ ಏಲಂ ನಡೆಯುವ ದಿನ ನೀವೂ ಸಭೆಗೆ ಹೋಗಿ. ಯಾರನ್ನಾದರೂ ಧರ್ಮದ ಕಾರಣಕ್ಕೆ ಹೊರಗಿಡುವ ಮಾತು ಎದ್ದರೆ ಎದ್ದು ನಿಂತು ‘ಇದು ನಮ್ಮೂರಿನಲ್ಲಿ ಆಗಕೂಡದು’ ಎನ್ನಿ. ನಿಮ್ಮ ಮನೆ ಖಾಲಿ ಇದ್ದರೆ ಕೇಳಿಕೊಂಡು ಬಂದವರ ಹೆಸರು ನೋಡದೆ ನಡತೆ ನೋಡಿ ಕೊಡಿ. ಬಸ್ಸಿನಲ್ಲಿ ಯಾರೋ ಹುಡುಗ ಹುಡುಗಿಯನ್ನು ಇಳಿಸಲು ಬಂದರೆ ಕಿಟಕಿಯಾಚೆ ಮುಖ ತಿರುಗಿಸಬೇಡಿ. ಕೊಲೆ ನಡೆದ ಮೇಲೆ ಸುರಿಸುವ ಕಣ್ಣೀರಿಗಿಂತ, ನಡೆಯುವ ಮೊದಲು ಆಡುವ ಒಂದು ಮಾತು ಈ ನೆಲವನ್ನು ಹೆಚ್ಚು ಕಾಯುತ್ತದೆ. ಆ ಮಾತನ್ನು ಆಡಬೇಕಾದವರು ನೀವು, ನಾವು. ಬೇರೆ ಯಾರೂ ಬರುವುದಿಲ್ಲ.